ವೈ-ಫೈ ವಿಳಂಬ: ಕೇಬಲ್, ಚಾನೆಲ್, ಮೆಶ್, ಹೊಸ ರೂಟರ್, ಇವುಗಳಲ್ಲಿ ನಿಮ್ಮ ಮನೆಗೆ ಯಾವುದು?

ವೇಗ ಪರೀಕ್ಷೆ ಮಾಡಿದರೆ ಸೆಕೆಂಡಿಗೆ 200 ಮೆಗಾಬಿಟ್ ಎಂದು ತೋರಿಸುತ್ತದೆ. ಆದರೂ ವಿಡಿಯೊ ಕರೆಯಲ್ಲಿ ನಾವು ಮಾತು ಮುಗಿಸಿ ಸುಮ್ಮನಾದ ಎಷ್ಟೋ ಹೊತ್ತಿನ ಮೇಲೆ ಆ ಕಡೆಯವರು ‘ಹಾಂ, ಹೇಳಿ’ ಎನ್ನುತ್ತಾರೆ. ಇಬ್ಬರೂ ಒಟ್ಟಿಗೆ ಬಾಯಿ ತೆರೆಯುತ್ತೇವೆ, ಇಬ್ಬರೂ ಒಟ್ಟಿಗೆ ನಿಲ್ಲಿಸುತ್ತೇವೆ. ಇದು ವೇಗದ ಕೊರತೆಯಲ್ಲ, ವಿಳಂಬ. ಲೇಟೆನ್ಸಿ ಎನ್ನುವುದು ಇದನ್ನೇ. ಒಂದು ಸೆಕೆಂಡಿನಲ್ಲಿ ಎಷ್ಟು ದತ್ತಾಂಶ ದಾಟಿತು ಎಂಬುದು ವೇಗದ ಲೆಕ್ಕ. ಒಂದು ಪ್ಯಾಕೆಟ್, ಅಂದರೆ ದತ್ತಾಂಶದ ಪುಟ್ಟ ತುಂಡು, ಹೋಗಿ ಅದಕ್ಕೆ ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದು ವಿಳಂಬದ ಲೆಕ್ಕ. ಮೊದಲನೆಯದು ಧಾರಾಳವಾಗಿದ್ದು ಎರಡನೆಯದು ಕೆಟ್ಟಿರುವ ಮನೆಗಳು ಬಹಳ.

ಪರಿಹಾರವೆಂದು ಸಿಗುವ ವಸ್ತುಗಳಿಗೆ ಕೊರತೆಯಿಲ್ಲ: ಸಿಗ್ನಲನ್ನು ಕೇಳಿಸಿಕೊಂಡು ಮುಂದಕ್ಕೆ ದಾಟಿಸುವ ರಿಪೀಟರ್, ಹಲವು ಪೆಟ್ಟಿಗೆಗಳು ಸೇರಿ ಒಂದೇ ವೈ-ಫೈ ಹರಡುವ ಮೆಶ್, ಪವರ್‌ಲೈನ್ ಅಡಾಪ್ಟರ್, ಆರೇಳು ಆಂಟೆನಾಗಳ ಹೊಸ ರೂಟರ್, ಇನ್ನೂ ದೊಡ್ಡ ಪ್ಲ್ಯಾನ್. ಆದರೆ ಇವುಗಳಲ್ಲಿ ಒಂದೊಂದೂ ದಾರಿಯ ಒಂದೊಂದು ತುಂಡನ್ನು ಮಾತ್ರ ಸರಿಪಡಿಸುತ್ತದೆ. ತೊಂದರೆ ಯಾವ ತುಂಡಿನಲ್ಲಿದೆ ಎಂದು ತಿಳಿಯದೆ ಹಣ ಹಾಕಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ. ಹಾಗಾಗಿ ಹೋಲಿಕೆಗೆ ಮೊದಲು ಹತ್ತು ನಿಮಿಷ ಅಳತೆಗೆ ಕೊಡಿ.

ಮೊದಲು ಅಳತೆ

ಕಂಪ್ಯೂಟರಿನಲ್ಲಿ ಎರಡು ಕಮಾಂಡ್ ಕಿಟಕಿಗಳನ್ನು ಪಕ್ಕಪಕ್ಕದಲ್ಲಿ ತೆರೆಯಿರಿ. ಒಂದರಲ್ಲಿ ನಿಮ್ಮ ರೂಟರಿಗೆ ಪಿಂಗ್ ಕೊಡಿ; ಪುಟ್ಟ ಪ್ಯಾಕೆಟ್ ಕಳುಹಿಸಿ ಉತ್ತರ ಬರಲು ಹಿಡಿದ ಹೊತ್ತನ್ನು ತೋರಿಸುವ ಕಮಾಂಡ್ ಅದು. ಅದರ ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಆಗಿರುತ್ತದೆ, ನೆಟ್‌ವರ್ಕ್ ವಿವರಗಳಲ್ಲಿ ‘ಗೇಟ್‌ವೇ’ ಎಂದು ಬರೆದಿರುವುದು ಅದೇ. ಇನ್ನೊಂದರಲ್ಲಿ ಮನೆಯ ಹೊರಗೆ ಇಂಟರ್ನೆಟ್ಟಿನಲ್ಲಿರುವ 1.1.1.1 ಅಥವಾ 8.8.8.8ಕ್ಕೆ ಪಿಂಗ್ ಕೊಡಿ. ವಿಂಡೋಸ್ ನಾಲ್ಕು ಉತ್ತರಗಳಿಗೇ ನಿಂತುಬಿಡುತ್ತದೆ. ಒಂದು ಅಡ್ಡಗೆರೆಯ ಜೊತೆ ಇಂಗ್ಲಿಷಿನ ‘ಟಿ’ ಅಕ್ಷರವನ್ನು ಸೇರಿಸಿದರೆ ನಿಲ್ಲಿಸುವವರೆಗೂ ನಡೆಯುತ್ತದೆ. ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಅದರ ಅಗತ್ಯವಿಲ್ಲ.

ಈಗ ಎರಡೂ ಕಿಟಕಿಗಳ ಅಂಕಿಗಳ ಸಾಲುಗಳನ್ನು ಒಟ್ಟಿಗೆ ನೋಡುತ್ತಾ ಕುಳಿತುಕೊಳ್ಳಿ. ಕೇಬಲ್ ಹಾಕಿದ್ದರೆ ರೂಟರಿನ ಉತ್ತರ ಒಂದು ಮಿಲಿಸೆಕೆಂಡಿಗೂ ಮೊದಲೇ ಬರಬೇಕು. ಆರೋಗ್ಯವಾಗಿರುವ ವೈ-ಫೈನಲ್ಲಿ 2ರಿಂದ 5 ಮಿಲಿಸೆಕೆಂಡ್, ಆಗೊಮ್ಮೆ ಈಗೊಮ್ಮೆ 15 ಅಥವಾ 20 ಬಂದರೆ ಚಿಂತೆಯಿಲ್ಲ. ರೂಟರಿನ ಸಾಲಿನಲ್ಲೇ 80, 150, 300 ಎಂದು ಅಂಕಿಗಳು ಜಿಗಿಯುತ್ತಿದ್ದರೆ ತೊಂದರೆ ಇರುವುದು ನಿಮ್ಮ ಮನೆಯ ಗಾಳಿಯಲ್ಲಿ, ಅಂದರೆ ವೈ-ಫೈ ಸಂಕೇತ ಓಡಾಡುವ ತುಂಡಿನಲ್ಲಿ. ರೂಟರಿನ ಸಾಲು ಶಾಂತವಾಗಿದ್ದು ಹೊರಗಿನ ಸಾಲು ಮಾತ್ರ ಜಿಗಿಯುತ್ತಿದ್ದರೆ ವೈ-ಫೈಯನ್ನು ಬಿಟ್ಟುಬಿಡಿ, ಅದು ನಿರಪರಾಧಿ.

ಒಂದು ಎಚ್ಚರಿಕೆ: ಅಳೆಯುವಾಗ ಫೋನಿಗೆ ಪಿಂಗ್ ಕೊಡಬೇಡಿ. ಪರದೆ ಆರಿದ ಫೋನ್ ಬ್ಯಾಟರಿ ಉಳಿಸಲು ತನ್ನ ರೇಡಿಯೊವನ್ನು ಮಲಗಿಸಿರುತ್ತದೆ. ರೂಟರ್ ಸುಮಾರು 102 ಮಿಲಿಸೆಕೆಂಡಿಗೊಮ್ಮೆ ಬೀಕನ್ ಎಂಬ ಸಂಕೇತವನ್ನು ಬಿಡುತ್ತದೆ. ಫೋನ್ ಅದನ್ನು ಕೇಳಲು ಎದ್ದಾಗಲೇ ತನಗೆ ಪ್ಯಾಕೆಟ್ ಬಂದಿದೆ ಎಂದು ತಿಳಿಯುವುದು. ಹಾಗಾಗಿ 100, 200 ಎಂಬ ಅಂಕಿಗಳು ಅಲ್ಲಿ ಸಹಜ, ಕಾಯಿಲೆಯ ಲಕ್ಷಣವಲ್ಲ. ಲ್ಯಾಪ್‌ಟಾಪ್ ಕೂಡ ಬ್ಯಾಟರಿಯಲ್ಲಿ ಓಡುವಾಗ ಇದೇ ಉಳಿತಾಯವನ್ನು ಮಾಡಬಹುದು. ಚಾರ್ಜರ್ ಹಾಕಿ, ವೈ-ಫೈ ಅಡಾಪ್ಟರಿನ ಪವರ್ ಸೇವಿಂಗ್ ಆಯ್ಕೆಯನ್ನು ತೆಗೆದು ಮತ್ತೊಮ್ಮೆ ಅಳೆಯಿರಿ. ಕೆಲವರ ತೊಂದರೆ ಇಲ್ಲಿಗೇ ಮುಗಿದುಹೋಗುತ್ತದೆ.

ಇನ್ನೂ ಒಂದು ಅಳತೆ ಬಾಕಿ ಇದೆ, ಎಲ್ಲಕ್ಕಿಂತ ಮುಖ್ಯವಾದದ್ದು. ಪಿಂಗ್ ನಡೆಯುತ್ತಿರುವಾಗಲೇ ಒಂದು ದೊಡ್ಡ ಫೈಲನ್ನು ಕ್ಲೌಡ್‌ಗೆ ಅಪ್‌ಲೋಡ್ ಮಾಡಿ, ಹೊರಗಿನ ಸಾಲು ಏನಾಗುತ್ತದೆ ಎಂದು ಗಮನಿಸಿ.

ಪ್ಯಾಕೆಟ್‌ಗಳ ಸಾಲು ಉದ್ದವಾದಾಗ: ದೊಡ್ಡ ಪ್ಲ್ಯಾನೋ, ಸಾಲಿನ ನಿರ್ವಹಣೆಯೋ?

ನನ್ನ ಮನೆಯಲ್ಲಿ ರಾತ್ರಿ ಒಂಬತ್ತೂವರೆಯ ಸುಮಾರಿಗೆ ಕರೆಗಳು ತಪ್ಪದೆ ಕೆಡುತ್ತಿದ್ದವು. ಆ ಹೊತ್ತಿಗೆ ಎಲ್ಲರೂ ಇಂಟರ್ನೆಟ್ ಬಳಸುತ್ತಾರೆ, ಸೇವೆ ಕೊಡುವವರ ಕಡೆಯೇ ದಟ್ಟಣೆ ಇರಬೇಕು ಎಂದು ನಂಬಿ ಎರಡು ತಿಂಗಳು ಸುಮ್ಮನಿದ್ದೆ. ಒಂದು ರಾತ್ರಿ ಎರಡು ಕಿಟಕಿಗಳನ್ನು ತೆರೆದು ಕುಳಿತೆ. ರೂಟರಿನ ಸಾಲು 3, 3, 4, 3. ಹೊರಗಿನ ಸಾಲು 14, 15, 14. ಅಷ್ಟರಲ್ಲಿ ಹಿಂದಿನ ಕೋಣೆಯಲ್ಲಿ ಯಾರೋ ಫೋನನ್ನು ಚಾರ್ಜರಿಗೆ ಹಾಕಿದರು. ಅರ್ಧ ನಿಮಿಷದೊಳಗೆ ಹೊರಗಿನ ಸಾಲು 90, 240, 510, 680 ಎಂದು ಏರಿತು. ರೂಟರಿನ ಸಾಲು ಮಾತ್ರ 3, 4ರಲ್ಲೇ ಇತ್ತು. ಫೋನನ್ನು ಚಾರ್ಜರಿನಿಂದ ತೆಗೆಸಿದೆ. ಸಾಲು ಇಳಿಯಿತು. ಮತ್ತೆ ಹಾಕಿಸಿದೆ. ಮತ್ತೆ ಏರಿತು. ಫೋನ್ ಚಾರ್ಜ್ ಆಗತೊಡಗಿದೊಡನೆ ಆ ದಿನದ ಫೋಟೊ, ವಿಡಿಯೊಗಳನ್ನೆಲ್ಲ ಕ್ಲೌಡ್‌ಗೆ ಏರಿಸಲು ಶುರು ಮಾಡುತ್ತಿತ್ತು.

ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರು. ಹೊರಗೆ ಹೋಗುವ ದಾರಿ ಕಿರಿದಾಗಿದ್ದಾಗ ಮೋಡೆಮ್ ಅಥವಾ ರೂಟರ್ ಪ್ಯಾಕೆಟ್‌ಗಳನ್ನು ಬಿಸಾಡದೆ ತನ್ನ ಬಫರ್ ಎಂಬ ತಾತ್ಕಾಲಿಕ ಸಂಗ್ರಹದಲ್ಲಿ ಸಾಲಾಗಿ ನಿಲ್ಲಿಸಿಕೊಳ್ಳುತ್ತದೆ. ಒಂದೂ ಕಳೆದುಹೋಗಬಾರದು ಎಂಬ ಸದುದ್ದೇಶದಿಂದ ಆ ಬಫರನ್ನು ದೊಡ್ಡದಾಗಿ ಇಟ್ಟಿರುತ್ತಾರೆ. ಲೆಕ್ಕ ಹಾಕಿ ನೋಡಿ: 256 ಕಿಲೋಬೈಟ್ ಬಫರ್ ತುಂಬಿದೆ, ಅಪ್‌ಲೋಡ್ ಸೆಕೆಂಡಿಗೆ 2 ಮೆಗಾಬಿಟ್. ಆ ಸಾಲು ಖಾಲಿಯಾಗಲು ಒಂದು ಸೆಕೆಂಡಿಗಿಂತ ಹೆಚ್ಚು ಬೇಕು. ನಿಮ್ಮ ಧ್ವನಿಯ ಪುಟ್ಟ ಪ್ಯಾಕೆಟ್ ಆ ಫೋಟೊಗಳೆಲ್ಲದರ ಹಿಂದೆ ನಿಂತು ತನ್ನ ಸರದಿಗೆ ಕಾಯುತ್ತದೆ. ಕರೆಯ ಧ್ವನಿ ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡ್ ಮೀರದಿರುವುದು ಒಳ್ಳೆಯದು ಎಂಬುದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಇಲ್ಲಿ ಮನೆ ಬಿಡುವ ಮೊದಲೇ ಅದರ ಏಳು ಪಟ್ಟು ಖರ್ಚಾಗಿರುತ್ತದೆ.

ಈ ತೊಂದರೆಗೆ ಎರಡು ದಾರಿಗಳಿವೆ. ಹೆಚ್ಚಿನವರು ಹಿಡಿಯುವುದು ದೊಡ್ಡ ಪ್ಲ್ಯಾನಿನ ದಾರಿ. ಅಪ್‌ಲೋಡ್ ವೇಗವೂ ಜೊತೆಗೆ ಏರಿದರೆ ಸಾಲು ಬೇಗ ಕರಗುತ್ತದೆ, ನಿಜ. ಆದರೆ ಎಷ್ಟೋ ಪ್ಲ್ಯಾನುಗಳಲ್ಲಿ ಡೌನ್‌ಲೋಡ್ ಮಾತ್ರ ಏರಿ ಅಪ್‌ಲೋಡ್ ಇದ್ದಲ್ಲೇ ಇರುತ್ತದೆ. ಆಗ ತಿಂಗಳು ತಿಂಗಳೂ ಹೆಚ್ಚು ಕೊಟ್ಟು ಹಳೆಯ ತೊಂದರೆಯನ್ನೇ ಅನುಭವಿಸಬೇಕು. ಇನ್ನೊಂದು ದಾರಿ, ಸಾಲಿನ ಚಾಣಾಕ್ಷ ನಿರ್ವಹಣೆ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಕೋಡೆಲ್ ಎಂಬ ವಿಧಾನವನ್ನು ಪ್ರಕಟಿಸಿದರು. ಅದು ಸಾಲು ಎಷ್ಟು ಉದ್ದವಿದೆ ಎಂದು ನೋಡುವುದಿಲ್ಲ, ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂದು ನೋಡುತ್ತದೆ. ಕಾಯುವಿಕೆ ಮಿತಿ ಮೀರುತ್ತಲೇ ಇದ್ದರೆ ಒಂದೊಂದೇ ಪ್ಯಾಕೆಟ್ ಬಿಸಾಡಿ, ಕಳುಹಿಸುವವರಿಗೆ ನಿಧಾನಿಸುವಂತೆ ಸೂಚಿಸುತ್ತದೆ. ಅದರಿಂದ ಬೆಳೆದ ಎಫ್‌ಕ್ಯೂ-ಕೋಡೆಲ್ ಮತ್ತು ಕೇಕ್ ಎಂಬ ವಿಧಾನಗಳು ಪ್ರತಿಯೊಂದು ಸಂಪರ್ಕಕ್ಕೂ ಬೇರೆ ಸಾಲನ್ನೇ ಮಾಡುತ್ತವೆ. ಫೋಟೊಗಳು ತಮ್ಮ ಸಾಲಿನಲ್ಲಿ, ಧ್ವನಿ ತನ್ನ ಸಾಲಿನಲ್ಲಿ.

ಈ ಸೌಲಭ್ಯವಿರುವ ರೂಟರುಗಳ ಸೆಟ್ಟಿಂಗ್‌ಗಳಲ್ಲಿ ಇದು ಸಾಮಾನ್ಯವಾಗಿ ‘ಎಸ್‌ಕ್ಯೂಎಂ’ ಎಂಬ ಹೆಸರಿನಲ್ಲಿರುತ್ತದೆ. ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ತಂತ್ರಾಂಶ ನಿಮ್ಮ ರೂಟರಿಗೆ ಹೊಂದುವುದಾದರೆ ಅದರಲ್ಲಿಯೂ ಸೇರಿಸಿಕೊಳ್ಳಬಹುದು. ಬರೀ ‘ಕ್ಯುಒಎಸ್’ ಎಂದಿದ್ದರೆ ಅದು ಬೇರೆ: ಯಾವ ಸಾಧನಕ್ಕೆ ಆದ್ಯತೆ ಎಂದು ನೀವೇ ಪಟ್ಟಿ ಮಾಡಬೇಕಾದ ಹಳೆಯ ವ್ಯವಸ್ಥೆ, ಹೆಚ್ಚು ಭರವಸೆ ಇಟ್ಟುಕೊಳ್ಳಬೇಡಿ. ಎಸ್‌ಕ್ಯೂಎಂನಲ್ಲಿ ಅಳೆದ ವೇಗದ ಶೇ 85ರಿಂದ 95ರಷ್ಟನ್ನು ಮಿತಿಯಾಗಿ ಕೊಡಬೇಕು. ಆಗ ಸಾಲು ಮೋಡೆಮಿನಲ್ಲಿ ಬೆಳೆಯುವುದಿಲ್ಲ, ನಿಮ್ಮ ಹಿಡಿತದಲ್ಲಿರುವ ರೂಟರಿನಲ್ಲೇ ನಿಲ್ಲುತ್ತದೆ. ಅಂದರೆ ವೇಗದಲ್ಲಿ ಹತ್ತರಲ್ಲೊಂದು ಪಾಲನ್ನು ಬಿಟ್ಟುಕೊಡುತ್ತೀರಿ. ನನ್ನ ಮಟ್ಟಿಗೆ ಇದಕ್ಕಿಂತ ಲಾಭದ ವಿನಿಮಯ ಮನೆಯ ನೆಟ್‌ವರ್ಕಿನಲ್ಲಿ ಇನ್ನೊಂದಿಲ್ಲ: 680 ಇದ್ದದ್ದು ಫೋಟೊ ಏರುತ್ತಿರುವಾಗಲೂ 20ರ ಆಸುಪಾಸಿಗೆ ಇಳಿಯಿತು. ಒಂದೇ ತೊಡಕು, ಈ ಕೆಲಸಕ್ಕೆ ಪ್ರೊಸೆಸರ್ ಬೇಕು. ಗಿಗಾಬಿಟ್ ಸಂಪರ್ಕದಲ್ಲಿ ಅಗ್ಗದ ರೂಟರ್ ಏದುಸಿರು ಬಿಡುತ್ತದೆ; ನೂರು ಮೆಗಾಬಿಟ್‌ನ ಆಸುಪಾಸಿನಲ್ಲಿ ಸಾಧಾರಣ ರೂಟರ್‌ಗಳೂ ನಿಭಾಯಿಸುತ್ತವೆ.

ಗಾಳಿಯ ತೊಂದರೆ: ಬ್ಯಾಂಡ್, ಚಾನೆಲ್, ಜಾಗ

ರೂಟರಿನ ಸಾಲೇ ಜಿಗಿಯುತ್ತಿದ್ದವರು ಇಲ್ಲಿಂದ ಓದಿ. ವೈ-ಫೈನಲ್ಲಿ ಒಂದು ಚಾನೆಲ್ಲಿನ, ಅಂದರೆ ಸಂಕೇತ ಸಾಗುವ ಒಂದು ರೇಡಿಯೊ ಓಣಿಯ, ಮೇಲೆ ಒಂದು ಕ್ಷಣಕ್ಕೆ ಒಬ್ಬರೇ ಮಾತನಾಡಬೇಕು. ಮಾತನಾಡುವ ಮೊದಲು ಗಾಳಿ ಖಾಲಿ ಇದೆಯೇ ಎಂದು ಪ್ರತಿ ಸಾಧನವೂ ಕಿವಿಗೊಡುತ್ತದೆ. ಇಬ್ಬರ ಮಾತು ಡಿಕ್ಕಿಯಾದರೆ ಇಬ್ಬರೂ ಇನ್ನಷ್ಟು ಕಾದು ಮತ್ತೆ ಕಳುಹಿಸುತ್ತಾರೆ. ನೆರೆಮನೆಯ ರೂಟರ್ ನಿಮ್ಮ ಚಾನೆಲ್ಲಿನಲ್ಲಿದ್ದರೆ ಈ ಸರದಿಯಲ್ಲಿ ಅದಕ್ಕೂ ಪಾಲು ಕೊಡಬೇಕು.

ಇಲ್ಲಿ ಜನ ಗಮನಿಸದ ಒಂದು ಸಂಗತಿ ಇದೆ. ದೂರದ ಕೋಣೆಯಲ್ಲಿರುವ ಹಳೆಯ ಸಾಧನವೊಂದು ಸೆಕೆಂಡಿಗೆ 6 ಮೆಗಾಬಿಟ್ ವೇಗದಲ್ಲಿ ಮಾತನಾಡುತ್ತಿದೆ ಎನ್ನೋಣ. 1500 ಬೈಟಿನ ಒಂದು ಪ್ಯಾಕೆಟ್ ಕಳುಹಿಸಲು ಅದು 2 ಮಿಲಿಸೆಕೆಂಡ್ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ರೂಟರಿನ ಪಕ್ಕದಲ್ಲಿ 600 ಮೆಗಾಬಿಟ್ ವೇಗದಲ್ಲಿರುವ ಲ್ಯಾಪ್‌ಟಾಪಿಗೆ ಅದೇ ಪ್ಯಾಕೆಟ್ಟಿಗೆ ಬೇಕಾದದ್ದು ಅದರ ನೂರರಲ್ಲೊಂದು ಪಾಲು ಹೊತ್ತು. ಮೂಲೆಯಲ್ಲಿ ಸಿಗ್ನಲ್ ಇಲ್ಲದೆ ಒದ್ದಾಡುವ ಒಂದು ಕ್ಯಾಮೆರಾ ಇಡೀ ಮನೆಯ ವಿಳಂಬವನ್ನು ಏರಿಸುವುದು ಹೀಗೆ. ಅಂಥ ಸಾಧನವನ್ನು ಒಂದು ಸಂಜೆ ಆಫ್ ಮಾಡಿ ಅಳೆದು ನೋಡಿ.

ವೈ-ಫೈ ಬಳಸುವ ರೇಡಿಯೊ ಪಟ್ಟಿಗಳಿಗೆ ಬ್ಯಾಂಡ್ ಎಂದು ಹೆಸರು. 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಬ್ಯಾಂಡುಗಳ ನಡುವೆ ಆರಿಸುವುದಾದರೆ, ಕರೆ ಮತ್ತು ಆಟಕ್ಕೆ 5 ಎಂದು ಹಿಂಜರಿಕೆಯಿಲ್ಲದೆ ಹೇಳುತ್ತೇನೆ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಬ್ಲೂಟೂತ್ ಅಲ್ಲೇ ಇದೆ, ಮೈಕ್ರೋವೇವ್ ಓವನ್ ಅಲ್ಲೇ ಕೆಲಸ ಮಾಡುತ್ತದೆ, ಯುಎಸ್‌ಬಿ 3 ಸಾಧನಗಳ ಸದ್ದೂ ಅಲ್ಲಿಗೇ ಸೋರುತ್ತದೆ. ಲ್ಯಾಪ್‌ಟಾಪಿಗೆ ಹಾರ್ಡ್ ಡಿಸ್ಕ್ ಚುಚ್ಚಿದೊಡನೆ ವೈ-ಫೈ ಕೆಟ್ಟರೆ ಕಾರಣ ಇದೇ ಇರಬಹುದು. 5 ಗಿಗಾಹರ್ಟ್ಸ್ ಗೋಡೆ ದಾಟುವುದರಲ್ಲಿ ದುರ್ಬಲ, ಆದರೆ ಆ ದೌರ್ಬಲ್ಯವೇ ನೆರೆಯವರ ಸದ್ದನ್ನೂ ಹೊರಗಿಡುತ್ತದೆ. ಎರಡೂ ಬ್ಯಾಂಡಿಗೆ ಒಂದೇ ಹೆಸರಿದ್ದರೆ ಫೋನ್ ಹಟ ಹಿಡಿದು 2.4ರಲ್ಲೇ ಕೂರುವುದುಂಟು; ಬೇರೆ ಬೇರೆ ಹೆಸರು ಕೊಟ್ಟು ಪರೀಕ್ಷಿಸಿ.

5ರಲ್ಲಿ ಚಾನೆಲ್ ಆರಿಸುವಾಗ 52ರಿಂದ 144ರವರೆಗಿನವುಗಳನ್ನು ಅನೇಕ ದೇಶಗಳಲ್ಲಿ ರಾಡಾರ್‌ಗಳ ಜೊತೆ ಹಂಚಿಕೊಳ್ಳಬೇಕು. ಅವು ಖಾಲಿ ಇರುವುದರಿಂದ ಆಕರ್ಷಕ. ಆದರೆ ರಾಡಾರ್ ಸುಳಿವು ಸಿಕ್ಕೊಡನೆ ರೂಟರ್ ಚಾನೆಲ್ ಬಿಟ್ಟು ಓಡಬೇಕು, ಅಂಥದ್ದೇ ಇನ್ನೊಂದು ಚಾನೆಲ್ಲಿಗೆ ಹೋಗುವುದಾದರೆ ಕನಿಷ್ಠ ಒಂದು ನಿಮಿಷ ಕಿವಿಗೊಟ್ಟು ಕಾಯಬೇಕು. ದಿನಕ್ಕೆ ಒಂದೆರಡು ಬಾರಿ ಕಾರಣವೇ ಇಲ್ಲದೆ ಸಂಪರ್ಕ ಹೋಗಿ ಬರುತ್ತಿದ್ದರೆ ಇದನ್ನು ಶಂಕಿಸಿ. ಚಾನೆಲ್ ಅಗಲದ ವಿಷಯದಲ್ಲೂ ಅಷ್ಟೇ: 160 ಮೆಗಾಹರ್ಟ್ಸ್ ಅಗಲ ವೇಗ ಪರೀಕ್ಷೆಯಲ್ಲಿ ಚೆಂದ ಕಾಣುತ್ತದೆ, ಆದರೆ ಅಗಲವಾದಷ್ಟೂ ಹೆಚ್ಚು ನೆರೆಯವರ ಜೊತೆ ಗಾಳಿ ಹಂಚಿಕೊಳ್ಳಬೇಕು. ಮನೆಗಳು ಒತ್ತೊತ್ತಾಗಿರುವಲ್ಲಿ 40 ಅಥವಾ 80 ಸಾಕು, 2.4ರಲ್ಲಿ 20ನ್ನು ಮೀರಬೇಡಿ.

ರೂಟರನ್ನು ಕಪಾಟಿನೊಳಗಿಂದ, ಟಿವಿಯ ಹಿಂದಿನಿಂದ ತೆಗೆದು ಎತ್ತರದಲ್ಲಿ, ಬಯಲಾಗಿ ಇಡುವುದಕ್ಕೆ ಖರ್ಚಿಲ್ಲ. ಹೊಸದನ್ನು ಕೊಳ್ಳುವ ಮೊದಲು ಇದನ್ನು ಮಾಡದಿದ್ದರೆ ಹೊಸದೂ ಅದೇ ಕಪಾಟಿಗೆ ಹೋಗುತ್ತದೆ.

ದೂರದ ಕೋಣೆಗೆ: ಕೇಬಲ್, ಮೆಶ್, ರಿಪೀಟರ್, ಇನ್ನಿತರ

ಒಂದು ಕೇಬಲ್ ಎಳೆಯಲು ಸಾಧ್ಯವಿದ್ದರೆ ಈ ಹೋಲಿಕೆಯೇ ಬೇಡ. ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ ಗಿಗಾಬಿಟ್ ವೇಗವನ್ನು ಒಯ್ಯುತ್ತದೆ, ವಿಳಂಬ ಒಂದು ಮಿಲಿಸೆಕೆಂಡಿಗೂ ಕಡಿಮೆ, ಮಳೆ ಬಂದರೂ ನೆರೆಯವರು ಬಂದರೂ ಅಷ್ಟೇ. ಕೊಳ್ಳುವಾಗ ‘ಸಿಸಿಎ’ ಎಂದು ಬರೆದಿರುವುದನ್ನು ಬಿಡಿ; ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಎಲ್ಲ ಸಾಧನಗಳಿಗೂ ಕೇಬಲ್ ಬೇಕಿಲ್ಲ. ಕೆಲಸದ ಕಂಪ್ಯೂಟರ್, ಟಿವಿ, ಆಟದ ಕನ್ಸೋಲ್, ಈ ಮೂರನ್ನು ಕೇಬಲ್ಲಿಗೆ ಹಾಕಿದರೆ ಉಳಿದ ಫೋನ್‌ಗಳಿಗೆ ಗಾಳಿಯೂ ಬಿಡುವಾಗುತ್ತದೆ. ಗೋಡೆಯ ಬುಡದಲ್ಲಿ ಹಾಯುವ ಕೇಬಲ್ ಕಣ್ಣಿಗೆ ಚುಚ್ಚುತ್ತದೆ ಎನ್ನುವವರು ಚಪ್ಪಟೆ ಕೇಬಲ್ ನೋಡಬಹುದು.

ರಿಪೀಟರ್ ನನ್ನ ಪಟ್ಟಿಯಲ್ಲಿ ಕೊನೆಯದು. ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದೇ ಚಾನೆಲ್ಲಿನಲ್ಲಿ ಮತ್ತೆ ಹೇಳಬೇಕಾದ್ದರಿಂದ ಪ್ರತಿ ಪ್ಯಾಕೆಟ್ ಗಾಳಿಯನ್ನು ಎರಡು ಬಾರಿ ಬಳಸುತ್ತದೆ. ವೇಗ ಅರ್ಧಕ್ಕಿಳಿಯುತ್ತದೆ, ಕಾಯುವಿಕೆ ಹೆಚ್ಚುತ್ತದೆ. ಸಿಗ್ನಲ್ ಕಡ್ಡಿಗಳು ಪೂರ್ತಿ ಕಾಣಿಸುವುದರಿಂದ ಸರಿಹೋಯಿತೆಂದು ಭಾಸವಾಗುತ್ತದೆ, ಅಷ್ಟೇ. ಆ ಕಡ್ಡಿಗಳು ಹೇಳುವುದು ರಿಪೀಟರಿನವರೆಗಿನ ದಾರಿಯ ಬಗ್ಗೆ, ಅಲ್ಲಿಂದಾಚೆಯದ್ದಲ್ಲ.

ಮೆಶ್ ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಒಂದೇ: ಪೆಟ್ಟಿಗೆಗಳು ತಮ್ಮೊಳಗೆ ಹೇಗೆ ಮಾತನಾಡಿಕೊಳ್ಳುತ್ತವೆ? ಎರಡು ಬ್ಯಾಂಡಿನ ಮೆಶ್‌ನಲ್ಲಿ ನಿಮ್ಮ ಫೋನ್ ಬಳಸುವ ಗಾಳಿಯನ್ನೇ ಪೆಟ್ಟಿಗೆಗಳೂ ಬಳಸುತ್ತವೆ. ಅದು ರಿಪೀಟರಿನ ಹತ್ತಿರದ ನೆಂಟ. ಮೂರು ಬ್ಯಾಂಡಿನದ್ದರಲ್ಲಿ ಒಂದನ್ನು ಇದಕ್ಕೆಂದೇ ಮೀಸಲಿಡಬಹುದು, ಫಲ ಚೆನ್ನಾಗಿರುತ್ತದೆ. ಪೆಟ್ಟಿಗೆಗಳನ್ನು ಕೇಬಲ್ಲಿನಿಂದಲೇ ಜೋಡಿಸಿದರೆ ಎಲ್ಲಕ್ಕಿಂತ ಉತ್ತಮ. ಆಗ ಎರಡು ಬ್ಯಾಂಡಿನ ಸರಳ ಮೆಶ್ ಕೂಡ ಸಾಕಾಗುತ್ತದೆ. ಗಾಳಿಯಲ್ಲಿ ಒಂದು ಜಿಗಿತ ಸಹಿಸಬಹುದು. ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಎಂದು ಸರಪಳಿ ಮಾಡಬೇಡಿ. ಹೆಚ್ಚು ಪೆಟ್ಟಿಗೆ ಇಟ್ಟಷ್ಟು ಒಳ್ಳೆಯದೆಂಬ ನಂಬಿಕೆಯೂ ಬೇಡ, ಅವು ಒಂದಕ್ಕೊಂದು ಅಡ್ಡಿಯಾಗುತ್ತವೆ.

ಮನೆಯಲ್ಲಿ ಟಿವಿಗೆಂದು ಎಳೆದ ಕೊಯಾಕ್ಸ್ ಕೇಬಲ್ ಬಳಕೆಯಿಲ್ಲದೆ ಬಿದ್ದಿದ್ದರೆ ಮೋಕಾ ಅಡಾಪ್ಟರುಗಳ ಜೋಡಿಯಿಂದ ಅದರ ಮೇಲೆ ನೆಟ್‌ವರ್ಕ್ ಓಡಿಸಬಹುದು. ಕೆಲವೇ ಮಿಲಿಸೆಕೆಂಡ್ ಸೇರುತ್ತದೆ, ಏರಿಳಿತ ಕಡಿಮೆ. ಕೇಬಲ್ ಎಳೆಯಲಾಗದವರಿಗೆ ಇದು ನನ್ನ ಮೊದಲ ಸಲಹೆ. ವಿದ್ಯುತ್ ತಂತಿಯ ಮೇಲೆ ಓಡುವ ಪವರ್‌ಲೈನ್ ಅಡಾಪ್ಟರ್ ಅದೃಷ್ಟದ ಮಾತು: ಕೆಲವು ಮನೆಗಳಲ್ಲಿ ಸೊಗಸು, ಇನ್ನು ಕೆಲವು ಮನೆಗಳಲ್ಲಿ ಮೋಟಾರು ಅಥವಾ ಕಳಪೆ ಚಾರ್ಜರ್ ಚಾಲೂ ಆದೊಡನೆ ಅಸ್ತವ್ಯಸ್ತ. ಹಿಂದಿರುಗಿಸಲು ಅವಕಾಶವಿದ್ದರೆ ಮಾತ್ರ ಕೊಳ್ಳಿ, ಸರ್ಜ್ ಪ್ರೊಟೆಕ್ಟರಿಗೆ ಹಾಕದೆ ನೇರ ಗೋಡೆಯ ಸಾಕೆಟ್ಟಿಗೆ ಹಾಕಿ.

ಹೊಸ ರೂಟರ್ ಯಾರಿಗೆ?

ಮನೆಯಲ್ಲಿ ಸಾಧನಗಳು ಬಹಳ, ರೂಟರ್ ಹಳೆಯದು ಎಂದಿದ್ದರೆ ವೈ-ಫೈ 6 ನಿಜವಾದ ಬದಲಾವಣೆ ತರಬಹುದು. ಒಎಫ್‌ಡಿಎಂಎ ಎಂಬ ವಿಧಾನದಿಂದ ಅದು ಒಂದೇ ಸರದಿಯಲ್ಲಿ ಹಲವು ಸಾಧನಗಳ ಚಿಕ್ಕ ಪ್ಯಾಕೆಟ್‌ಗಳನ್ನು ಒಟ್ಟಿಗೆ ಸಾಗಿಸಬಲ್ಲದು. ಆದರೆ ಸಾಧನವೂ ವೈ-ಫೈ 6ರದ್ದಾಗಿರಬೇಕು. ಹಳೆಯ ಲ್ಯಾಪ್‌ಟಾಪಿಗೆ ಇದರ ಪ್ರಯೋಜನ ದಕ್ಕುವುದಿಲ್ಲ. 6 ಗಿಗಾಹರ್ಟ್ಸ್ ಬಳಸುವ 6ಇ, ಅನುಮತಿ ಇರುವ ದೇಶಗಳಲ್ಲಿ, ನೆರೆಯವರ ಗದ್ದಲದಿಂದ ತಪ್ಪಿಸಿಕೊಳ್ಳಲು ಒಳ್ಳೆಯ ದಾರಿ. 2024ರ ಜನವರಿಯಲ್ಲಿ ಪ್ರಮಾಣೀಕರಣ ಶುರುವಾದ ವೈ-ಫೈ 7 ಒಂದಕ್ಕಿಂತ ಹೆಚ್ಚು ಬ್ಯಾಂಡುಗಳನ್ನು ಒಟ್ಟಿಗೆ ಬಳಸಬಲ್ಲದು. ಅದಕ್ಕೂ ಎರಡೂ ಕಡೆ ಹೊಸ ಸಾಧನವೇ ಬೇಕು. ಆಂಟೆನಾಗಳ ಸಂಖ್ಯೆ, ಪೆಟ್ಟಿಗೆಯ ಮೇಲೆ ಅಚ್ಚಾದ ಸಾವಿರಗಟ್ಟಲೆ ಮೆಗಾಬಿಟ್, ಇವು ವಿಳಂಬದ ಬಗ್ಗೆ ಏನನ್ನೂ ಹೇಳುವುದಿಲ್ಲ. ಎಸ್‌ಕ್ಯೂಎಂ ಇದೆಯೇ ಎಂದು ಕೇಳಿ.

ಮನೆಯಾಚೆ

ಕೆಲವು ವಿಳಂಬಗಳಿಗೆ ಮನೆಯೊಳಗೆ ಮದ್ದಿಲ್ಲ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುತ್ತದೆ. 5,000 ಕಿಲೋಮೀಟರ್ ದೂರದ ಸರ್ವರಿಗೆ ಹೋಗಿ ಬರಲು 50 ಮಿಲಿಸೆಕೆಂಡ್ ಬೇಕೇ ಬೇಕು. ಆಟದಲ್ಲಿ ಹತ್ತಿರದ ಸರ್ವರ್ ಆರಿಸುವುದೊಂದೇ ದಾರಿ. 35,786 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹದ ಸಂಪರ್ಕವಾದರೆ ಹೋಗಿ ಬರಲು ಅರ್ಧ ಸೆಕೆಂಡಿನ ಹತ್ತಿರ ಹಿಡಿಯುತ್ತದೆ, ಯಾವ ರೂಟರೂ ಅದನ್ನು ಇಳಿಸಲಾರದು. ಇನ್ನು ಪುಟ ತೆರೆಯಲು ಮಾತ್ರ ತಡವಾಗುತ್ತಿದ್ದು ಕರೆಗಳು ಸರಿಯಾಗಿದ್ದರೆ ಜಾಲತಾಣದ ಹೆಸರಿನಿಂದ ಅದರ ಅಂಕಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸೇವೆ ನಿಧಾನವಿರಬಹುದು; ಅದನ್ನು ಬದಲಿಸಿ ನೋಡಿ.

ಕೇಬಲ್ ಹಾಕಿ, ಮನೆಯ ಬೇರೆಲ್ಲ ಸಾಧನಗಳನ್ನು ಆಫ್ ಮಾಡಿ ಅಳೆದಾಗಲೂ ಹೊರಗಿನ ಸಾಲು ಜಿಗಿಯುತ್ತಿದ್ದರೆ ಸೇವೆ ಕೊಡುವವರಿಗೆ ದೂರು ಕೊಡುವ ಹೊತ್ತು. ಪ್ಯಾಕೆಟ್ ಹಾಯುವ ಮಜಲುಗಳನ್ನು ಒಂದೊಂದಾಗಿ ತೋರಿಸುವ ಟ್ರೇಸ್‌ರೂಟ್ ಎಂಬ ಕಮಾಂಡ್ ಓಡಿಸಿ ಅದರ ಫಲಿತಾಂಶವನ್ನೂ ಉಳಿಸಿಕೊಳ್ಳಿ. ನಡುವಿನ ಒಂದೇ ಒಂದು ಮಜಲಿನಲ್ಲಿ ದೊಡ್ಡ ಅಂಕಿ ಕಂಡು ಮುಂದಿನವು ಸರಿಯಿದ್ದರೆ ಅದು ದೋಷವಲ್ಲ, ಆ ರೂಟರ್ ಪಿಂಗ್‌ಗೆ ಉತ್ತರಿಸುವುದನ್ನು ಕೊನೆಯ ಕೆಲಸವಾಗಿ ಇಟ್ಟುಕೊಂಡಿರುತ್ತದೆ. ದೊಡ್ಡ ಅಂಕಿ ಕೊನೆಯ ಮಜಲಿನವರೆಗೂ ಮುಂದುವರಿದರೆ ಮಾತ್ರ ಲೆಕ್ಕಕ್ಕೆ. ಮೂರು ದಿನ, ಬೆಳಗ್ಗೆ ಮತ್ತು ರಾತ್ರಿ, ಸಮಯ ಬರೆದು ಅಂಕಿಗಳನ್ನು ಜೋಡಿಸಿ. ‘ರೂಟರ್ ಆಫ್ ಮಾಡಿ ಆನ್ ಮಾಡಿ’ ಎಂಬ ಉತ್ತರ ಬಂದಾಗ ಆ ಹಾಳೆಯನ್ನು ಮುಂದಿಟ್ಟು, ಇದು ವೈ-ಫೈ ಅಲ್ಲ, ಕೇಬಲ್ಲಿನಲ್ಲಿ ಅಳೆದದ್ದು ಎಂದು ಮೊದಲ ಸಾಲಿನಲ್ಲೇ ಹೇಳಿ.